ಹಾಲುವಾಣದ ಮೀನು

ಗೌಡ್ರೇ, ಬೇಲಿ ಸವರ್ತಾ ಇದ್ದೀರಲ್ಲ, ಆ ಹಾಲುವಾಣದ ಕೊಂಬೆ ಗೊಬ್ಬರದ ಗುಂಡಿಗೆ ಹಾಕಬೇಡಿ, ಈಚೆ ಎಸೀರಿ. ಮುಳ್ಳಿದ್ರೂ ಪರವಾಗಿಲ್ಲ, ಹೆರೆದು ತೆಗೀತೀನಿ. ಕಾಳುಮೆಣಸಿನ ಬಳ್ಳಿಗೆ ಆಸರೆ ಆಗೋದು ಬಿಟ್ಟರೆ ಅದು ಕೆಲಸಕ್ಕೆ ಬಾರದ ಮರ ಅಂತಲೇ ಎಲ್ಲರ ಲೆಕ್ಕ. ನೆರಳಲ್ಲಿ ಚೆನ್ನಾಗಿ ಒಣಗಿದ ಮೇಲೆ ಕೈಯಲ್ಲಿ ಹಿಡಿದು ನೋಡಿ, ಹಿಡಿದ ಹಾಗೇ ಇರೋದಿಲ್ಲ. ಗಾಳಕ್ಕೆ ಕಟ್ಟೋ ಹುಸಿಮೀನು ಕೆತ್ತೋಕೆ ಇಂಥ ಹಗುರದ ಮರವೇ ಬೇಕು.

ಹೌದು, ನಿಮ್ಮ ಮೊಮ್ಮಗ ಲೂರ್ ಲೂರ್ ಅಂತಿರ್ತಾನಲ್ಲ, ಅದೇ. ಅಂಗಡಿಯಲ್ಲೇ ಸಿಗುತ್ತಲ್ಲ ಅಂತೀರಿ, ಸಿಗುತ್ತೆ. ಆದರೆ ಅದನ್ನ ಮಾಡಿದವರು ನಮ್ಮ ಕೆರೆ ನೋಡಿಲ್ಲ. ಕೋಡಿ ಹತ್ತಿರ ಗುಂಪುಗುಂಪಾಗಿ ಓಡಾಡೋ ಸಣ್ಣ ಬೆಳ್ಳಿಮೀನಿಗೆ ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತೆ, ಗಮನಿಸಿದ್ದೀರಾ? ಆ ಚುಕ್ಕೆ ಇಟ್ಟು ಕೆತ್ತಬೇಕಾದರೆ ಇಲ್ಲಿಯವರೇ ಆಗಬೇಕು.

ಈ ವಿದ್ಯೆಯಲ್ಲಿ ನಾನು ಗುರು ಅಂತ ನೆನೆಯೋದು ಫಿನ್ಲೆಂಡಿನ ಲೌರಿ ರಪಾಲಾ ಅವರನ್ನ. 1905ರಲ್ಲಿ ಹುಟ್ಟಿದವರು, ಕಡುಬಡವರು. ಪೈಯಾನೆ ಅನ್ನೋ ದೊಡ್ಡ ಸರೋವರದಲ್ಲಿ ಹುಟ್ಟು ಹಾಕಿ, ಮೀನು ಹಿಡಿದು ಸಂಸಾರ ನಡೆಸ್ತಿದ್ದರು. ದೋಣಿಯಲ್ಲಿ ಕೂತು ನೋಡ್ತಾ ನೋಡ್ತಾ ಅವರಿಗೊಂದು ಹೊಳೀತು. ದೊಡ್ಡ ಮೀನು ಮರಿಗಳ ಹಿಂಡಿಗೆ ನುಗ್ಗಿದರೂ ಸಿಕ್ಕಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗಲ್ಲ. ಒಂದು ಕಡೆ ವಾಲಿ, ತಡವರಿಸ್ತಾ ಈಜೋದು ಯಾವುದೋ ಅದನ್ನೇ ಹೆಕ್ಕುತ್ತೆ. 1936ರಲ್ಲಿ ಕಾರ್ಕಿನ ತುಂಡು ತಗೊಂಡು ಚಾಕುವಿನಿಂದ ಕೆತ್ತಿ, ಉಪ್ಪುಕಾಗದದಲ್ಲಿ ಉಜ್ಜಿ, ಚಾಕೊಲೇಟಿನ ಬೇಗಡೆ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿದ ಲೇಪ ಬಳಿದು ಆ ತಡವರಿಕೆಯನ್ನೇ ನೀರಿಗಿಳಿಸಿದರು. 1962ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಇದರ ಬಗ್ಗೆ ಲೇಖನ ಬಂತು. ಮರ್ಲಿನ್ ಮನ್ರೊ ಮುಖಪುಟದಲ್ಲಿದ್ದ ಸಂಚಿಕೆ ಅದು, ಓದದವರಿಲ್ಲ. ಆಮೇಲೆ ಬಂದ ಬೇಡಿಕೆಗೆ ಮಾಡಿಕೊಟ್ಟು ಪೂರೈಸೋಕೇ ಆಗಲಿಲ್ಲ. ನನಗೆ ಆ ಹೆಸರು, ದುಡ್ಡಿಗಿಂತ ದೊಡ್ಡದು ಅನ್ನಿಸೋದು ಅವರು ಅಷ್ಟು ಹೊತ್ತು ಕೂತು ನೋಡಿದ್ದು.

ಹಾಗಾಗಿ ಬಣ್ಣ ಆಮೇಲೆ, ಮೊದಲು ನಡಿಗೆ. ಹೊಟ್ಟೆಯಡಿ ಉದ್ದಕ್ಕೆ ಸೀಳಿ, ಮೂತಿಯಿಂದ ಬಾಲದವರೆಗೆ ಒಂದೇ ಸ್ಟೀಲ್ ತಂತಿ ಕೂರಿಸ್ತೀನಿ. ಮರ ಒಡೆದರೂ ಮೀನು ತಂತಿಯಲ್ಲೇ ಉಳಿಯುತ್ತೆ. ಅದೇ ಸೀಳಿನಲ್ಲಿ ಚೂರು ಸೀಸ, ಅಂಗಾತ ಬೀಳದ ಹಾಗೆ. ಮೂತಿಯ ಕೆಳಗೆ ನಾಲಿಗೆ. ಅದಕ್ಕೆ ಹಳೇ ಸಿಡಿ ಸಾಕು, ಬಿಸಿನೀರಲ್ಲಿ ಅದ್ದಿ ಕತ್ತರಿಸಿದರೆ ಬಿರುಕು ಬಿಡಲ್ಲ. ನಾಲಿಗೆ ನೆಟ್ಟಗೆ ನಿಂತಿದ್ದರೆ ಮೀನು ಮೇಲುಮೇಲೇ ಒದ್ದಾಡ್ತಾ ಬರುತ್ತೆ, ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಮುಳುಗುತ್ತೆ. ತೊಟ್ಟಿಯಲ್ಲಿ ಎಳೆದು ನೋಡಿದಾಗ ಎಡಕ್ಕೆ ಎಳೆದುಕೊಂಡು ಹೋದರೆ ಮೂತಿಯ ಉಂಗುರವನ್ನ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಬೇಕು. ಇಷ್ಟಕ್ಕೇ ಎಷ್ಟು ಹೊತ್ತು ಬೇಕಾದರೂ ಕೂತೇನು.

ಆಮೇಲೆ ಅಲಂಕಾರ. ಈ ಮರ ನೀರು ಹೀರುತ್ತೆ, ಅದಕ್ಕೆ ಮೊದಲು ಎರಡು ಸಲ ವಾರ್ನಿಶ್ ಕುಡಿಸಿ ಒಣಗಿಸಬೇಕು. ಹೊಟ್ಟೆಗೆ ಬಿಳಿ, ಬೆನ್ನಿಗೆ ಕಡುಹಸಿರು. ನಿಜವಾದ ಮೀನೂ ಹಾಗೇ ತಾನೇ? ಮೇಲಿಂದ ನೋಡಿದವರಿಗೆ ನೀರಿನ ಕಪ್ಪಲ್ಲಿ ಬೆನ್ನು ಕರಗುತ್ತೆ, ಕೆಳಗಿಂದ ನೋಡಿದ್ದಕ್ಕೆ ಆಕಾಶದ ಬೆಳಕಲ್ಲಿ ಹೊಟ್ಟೆ ಕರಗುತ್ತೆ. ಈಗ ಹಳೇ ಸೊಳ್ಳೆಪರದೆಯ ತುಂಡನ್ನ ಮೈಗೆ ಬಿಗಿಯಾಗಿ ಸುತ್ತಿ, ಬಾಲದ ಕಡೆ ಬಟ್ಟೆ ಒಣಹಾಕೋ ಕ್ಲಿಪ್ ಹಾಕಿ, ದೂರದಿಂದ ತೆಳ್ಳಗೆ ಬೆಳ್ಳಿಬಣ್ಣ ಸ್ಪ್ರೇ ಮಾಡ್ತೀನಿ. ಅರ್ಧ ಒಣಗಿದಾಗ ಪರದೆ ಮೆಲ್ಲಗೆ ಬಿಚ್ಚಿ ನೋಡಬೇಕು ಗೌಡ್ರೇ! ಬಟ್ಟೆಯ ಒಂದೊಂದು ಕಣ್ಣೂ ಒಂದೊಂದು ಹುರುಪೆಯಾಗಿ ನಿಂತಿರುತ್ತೆ, ಸಾಲಿಗೆ ಸಾಲು. ಕಿವಿರಿನ ಹತ್ತಿರ ಒಂದು ಗೀಟು ಕೆಂಪು, ಅದಕ್ಕೆ ಉಗುರಿನ ಬಣ್ಣವೇ ಸಾಕು. ನೀರು ಆಳವಾದಷ್ಟೂ ಮೊದಲು ಮಾಸೋದು ಕೆಂಪೇ, ಆದರೂ ನಮ್ಮ ಕೆರೆಯಂಚಿನ ಆಳಕ್ಕೆ ಕಾಣುತ್ತೆ. ಕಣ್ಣಿಗೆ ಸ್ಟಿಕ್ಕರ್ ಬಿಂದಿ, ನಡುವೆ ಕಪ್ಪು ಚುಕ್ಕೆ. ಕೊನೆಗೆ ಅರಾಲ್ಡೈಟ್ ತೆಳ್ಳಗೆ ಸವರಿ, ಅದು ಬಿಗಿಯೋವರೆಗೆ ಕೈಯಲ್ಲಿ ತಿರುಗಿಸ್ತಾ ಇರಬೇಕು. ಬಿಟ್ಟರೆ ಹೊಟ್ಟೆಯಡಿ ಇಳಿದು ಹನಿ ಕಟ್ಟುತ್ತೆ.

ಕೊರವ ಹಿಡಿಯೋಕೆ ಇಷ್ಟೆಲ್ಲ ಚಿತ್ತಾರ ಬೇಡ. ಅದು ಉಸಿರಿಗೆ ಮೇಲೆ ಬರೋ ಮೀನು, ತಾವರೆ ಎಲೆಯ ಮರೆಯಲ್ಲಿ ಕಪ್ಪೆಗೆ ಕಾದಿರುತ್ತೆ. ಅದಕ್ಕೆ ಕಾಣೋದು ಹೊಟ್ಟೆ, ಕಾಲು, ನೆರಳು ಅಷ್ಟೇ. ಮರದ ಕಪ್ಪೆಗೆ ರಬ್ಬರಿನ ಎರಡು ಕಾಲು ಕಟ್ಟಿದರೆ ಆಯ್ತು. ಬಗ್ಗಡ ನೀರಿಗಾದರೆ ಪೂರ್ತಿ ಕಪ್ಪು ಬಳೀತೀನಿ, ಕಪ್ಪಿನ ಆಕಾರ ಸ್ಪಷ್ಟ ಕಾಣುತ್ತೆ. ಕೊಕ್ಕೆಯ ಮರುಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡೋದು ನನ್ನ ಪದ್ಧತಿ. ಸಣ್ಣದು ಸಿಕ್ಕರೆ ಹೆಚ್ಚು ಗಾಯ ಮಾಡದೆ ವಾಪಸ್ ಬಿಡಬಹುದು.

ಭಾನುವಾರ ಮೊಮ್ಮಗನನ್ನ ಕಳಿಸಿಕೊಡಿ, ಚಾಕು ಹಿಡಿಯೋದರಿಂದ ಶುರು ಮಾಡಿಸ್ತೀನಿ. ಬಿಸಿಲಿರುವಾಗಲೇ ಕೆತ್ತಿ ಬಣ್ಣ ಮುಗಿಸಬೇಕು, ಮಳೆ ಹಿಡಿದ ಮೇಲೆ ಯಾವುದೂ ಒಣಗಲ್ಲ. ಮಳೆಗಾಲದಲ್ಲಿ ಕೊರವ ಮರಿ ಮಾಡಿರುತ್ತೆ. ನೀರ ಮೇಲೆ ಕೆಂಪಗೆ ಮರಿಗಳ ಗುಂಪು ಕುದೀತಾ ಇದ್ದರೆ ಕೆಳಗೆ ಕಾವಲಿಗೆ ಅಪ್ಪ ಅಮ್ಮ ಇವೆ ಅಂತಲೇ ಲೆಕ್ಕ. ಹತ್ತಿರ ಏನು ಬಿದ್ದರೂ ಎರಗ್ತವೆ, ಹಿಡಿಯೋದು ಸುಲಭ. ಹಿಡಿದರೆ ಆ ಮರಿಗಳನ್ನ ಬೇರೆ ಮೀನುಗಳು ಉಳಿಸಲ್ಲ. ಅಂಥ ಕಡೆ ಗಾಳ ಬೀಸಕೂಡದು ಅಂತ ಅವನಿಗೆ ನೀವೂ ಒಂದು ಮಾತು ಹೇಳಿಡಿ.