ಗಂಟೆಯ ಆಯುಸ್ಸಿನ ಲೋಕದಲ್ಲಿ ವಯೋವೃದ್ಧರು ಮತ್ತು ಜ್ಞಾನವೃದ್ಧರು: ಒಂದು ಶಾಸ್ತ್ರೀಯ ವಿವೇಚನೆ

1. ವಿಷಯ ನಿರೂಪಣೆ

ಗುರುವಿಗೆ ವಯಸ್ಸಾಗಿರಬೇಕು, ಶಿಷ್ಯ ಚಿಕ್ಕವನಾಗಿರಬೇಕು ಎಂಬುದರಲ್ಲಿ ನಮ್ಮ ಹಿಂದಿನವರಿಗೆ ಸಂಶಯವಿರಲಿಲ್ಲ. ವಯೋವೃದ್ಧರಿಗೊಂದು, ಜ್ಞಾನವೃದ್ಧರಿಗೊಂದು ಎಂದು ಎರಡು ಪೀಠಗಳನ್ನು ಹಾಕಿಸಿದ್ದು ನಿಜ. ಆದರೆ ಸಭೆ ಸೇರಿದಾಗ ಎರಡರ ಮೇಲೂ ಒಬ್ಬರೇ ಹಿರಿಯರು ಕಾಲು ಚಾಚಿಕೊಂಡು ಕೂರುತ್ತಿದ್ದರು. ಯಾರೂ ಎಬ್ಬಿಸುತ್ತಿರಲಿಲ್ಲ.

ಈ ನೆಮ್ಮದಿಗೆ ಭಂಗ ಬಂದದ್ದು 2018ರ ಫೆಬ್ರವರಿ 27ರಂದು. ಅಮೆರಿಕದ ಆಟ ವಿನ್ಯಾಸಕ ಜೇಸನ್ ರೋರರ್ ಅಂದು ‘ಒನ್ ಅವರ್ ಒನ್ ಲೈಫ್’ ಎಂಬ ಕಂಪ್ಯೂಟರ್ ಆಟವನ್ನು ಲೋಕಕ್ಕೆ ಬಿಟ್ಟರು. ಇದೇ ಮಹನೀಯರು 2007ರಲ್ಲಿ ‘ಪ್ಯಾಸೇಜ್’ ಎಂಬ ಆಟ ಕಟ್ಟಿ, ಒಂದಿಡೀ ಜೀವನವನ್ನು ಐದು ನಿಮಿಷದಲ್ಲಿ ಮುಗಿಸಿ ತೋರಿಸಿದ್ದರು. ಅದು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಹೊಸ ಆಟದಲ್ಲಿ ಅವರು ತುಸು ಉದಾರರಾದರು. ನಿಮಿಷಕ್ಕೊಂದು ವರ್ಷದ ಲೆಕ್ಕದಲ್ಲಿ ಆಯುಸ್ಸು ಅರವತ್ತು. ಅರವತ್ತು ತುಂಬಿದೊಡನೆ ಷಷ್ಟ್ಯಬ್ದಿಗೂ ಕಾಯದೆ ಸಾವು.

ಈ ಲೋಕದಲ್ಲಿ ಜ್ಞಾನ ತಲೆಮಾರಿನಿಂದ ತಲೆಮಾರಿಗೆ ದಾಟುವ ಬಗೆಯನ್ನು ಪ್ರಮಾಣಬದ್ಧವಾಗಿ ನಿರ್ಣಯಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಹಸಿದವರು ಮೊದಲು ಊಟ ಮಾಡಿಕೊಂಡು ಬರಬಹುದು. ಆಟದಲ್ಲಿ ಆ ಸೌಲಭ್ಯವಿಲ್ಲ.

2. ಲೋಕಲಕ್ಷಣ

ಇಲ್ಲಿ ಆಟಗಾರನು ವೀರನಾಗಿ ಅವತರಿಸುವುದಿಲ್ಲ, ಕೂಸಾಗಿ ಹುಟ್ಟುತ್ತಾನೆ. ಹೆರುವವಳೂ ಎಲ್ಲೋ ಕೂತು ಆಡುತ್ತಿರುವ ಇನ್ನೊಬ್ಬ ಆಟಗಾರ್ತಿ ಅಥವಾ ಆಟಗಾರ. ಹದಿನಾಲ್ಕರಿಂದ ನಲವತ್ತರವರೆಗಿನ ಯಾವ ಹೆಣ್ಣಿಗೂ ಮುನ್ಸೂಚನೆಯಿಲ್ಲದೆ, ಹೆಚ್ಚಾಗಿ ಎರಡೂ ಕೈಗೆ ಕೆಲಸವಿರುವ ಹೊತ್ತಿನಲ್ಲೇ, ಮಗು ಆಗಿಬಿಡುತ್ತದೆ. ಹೆರಲು ಯಾರೂ ಸಿಗದಿದ್ದರೆ ಹೊಸಬರು ‘ಈವ್’ ಆಗಿ, ಬೆಳೆದ ಹೆಣ್ಣಿನ ರೂಪದಲ್ಲಿ, ನಿರ್ಜನ ಕಾಡಿಗೆ ಬಂದು ನಿಲ್ಲುತ್ತಾರೆ. ತಮ್ಮ ಕುಲದ ಹೆಸರನ್ನು ತಾವೇ ಘೋಷಿಸಿಕೊಳ್ಳುತ್ತಾರೆ.

ತಂದೆ ಎಂಬ ಪದಾರ್ಥವೇ ಇಲ್ಲಿಲ್ಲ. ಅಳಿಯಕಟ್ಟಿನ ಮನೆಗಳಂತೆ ಕುಲ ಸಾಗುವುದು ಹೆಣ್ಣಿನಿಂದ. ಆದರೆ ಕರಾವಳಿಯಲ್ಲಿ ಮನೆಯ ಪಾರುಪತ್ಯಕ್ಕೆ ಸೋದರಮಾವನಾದರೂ ಇರುತ್ತಿದ್ದ, ಇಲ್ಲಿ ಸೋದರಮಾವ ನೀರು ಹೊರುತ್ತಾನೆ. ಊರಿನ ಹೆಣ್ಣುಮಕ್ಕಳೆಲ್ಲ ತೀರಿಕೊಂಡರೆ ಎಂಥ ಭದ್ರವಾದ ಊರೂ ಉಳಿದ ಗಂಡಸರ ಆಯುಸ್ಸಿನೊಂದಿಗೆ ಮುಗಿಯಿತು.

ಕಲ್ಲು ಚೂಪು ಮಾಡುವುದರಿಂದ ಹಿಡಿದು ಉಕ್ಕಿನವರೆಗೆ ಪ್ರತಿಯೊಂದನ್ನೂ ಯಾರಾದರೂ ಕೈಯಾರೆ ಮಾಡಬೇಕು. ಬೆಂಕಿಗೇ ಎಷ್ಟು ಉಪಚಾರವೆಂದರೆ: ಕಾಡುಗಿಡದ ದಂಟಿನಿಂದ ನಾರು, ನಾರಿನಿಂದ ಹಗ್ಗ, ಹಗ್ಗದಿಂದ ಬಿಲ್ಲು, ಬಿಲ್ಲಿನಿಂದ ಕಡೆದ ಕೆಂಡ, ಆ ಕೆಂಡವನ್ನೆತ್ತಲು ಎಲೆ, ಹೊತ್ತಿಸಲು ಒಣ ತರಗು, ಆಮೇಲೆ ಪುಳ್ಳೆ. ಒಬ್ಬನೇ ಎಲ್ಲವನ್ನೂ ಮಾಡಹೊರಟರೆ ಬೆಂಕಿ ಹೊತ್ತುವಷ್ಟರಲ್ಲಿ ಹೊಟ್ಟೆ ಹೊತ್ತಿರುತ್ತದೆ.

3. ಶಿಶು ಪ್ರಕರಣ

ಈಗ ಮುಖ್ಯ ಸಮಸ್ಯೆಗೆ ಬರೋಣ. ತಾಯಿ ಇವತ್ತೇ ಆಟ ಕೊಂಡವಳಿರಬಹುದು, ಅವಳ ಕಂಕುಳ ಕೂಸು ನೂರಾರು ಜನ್ಮ ಕಂಡು ಪಳಗಿದ ಆಟಗಾರನಿರಬಹುದು. ಕೂಸಿಗೆ ಎಲ್ಲವೂ ಗೊತ್ತು. ಕುರಿ ಎಲ್ಲಿ ಕಟ್ಟಬೇಕು, ಬಾವಿ ಎಲ್ಲಿ ತೋಡಬೇಕು, ಅಮ್ಮ ಈಗ ಕಿತ್ತದ್ದು ಯಾಕೆ ಕೀಳಬಾರದಿತ್ತು, ಎಲ್ಲವೂ. ಆದರೆ ನವಜಾತನಿಗೆ ಆಟ ದಯಪಾಲಿಸಿರುವುದು ಒಂದು ಸಲಕ್ಕೆ ಒಂದೇ ಅಕ್ಷರ. ವಯಸ್ಸು ಏರಿದಂತೆ ಮಾತೂ ಅಕ್ಷರ ಅಕ್ಷರವಾಗಿ ಉದ್ದವಾಗುತ್ತದೆ. ಹೀಗಾಗಿ ತಿಳಿದವನಿಗೆ ಮಾತಿಲ್ಲ, ಮಾತುಳ್ಳವಳಿಗೆ ತಿಳಿವಳಿಕೆಯಿಲ್ಲ. ಇಂಥ ಏರ್ಪಾಡು ನಮ್ಮ ಸಮಿತಿಗಳಲ್ಲಿ ಮೊದಲಿನಿಂದಲೂ ಇದ್ದರೂ, ಅದನ್ನು ನಿಯಮವಾಗಿ ಬರೆದಿಟ್ಟ ಕೀರ್ತಿ ರೋರರ್ ಅವರದು.

ಇಲ್ಲಿ ಒಂದು ಪೂರ್ವಪಕ್ಷವಿದೆ: ಕೂಸು ನಾಲ್ಕೈದು ವರ್ಷ ಸುಮ್ಮನಿದ್ದು, ಮಾತು ಬಂದ ಮೇಲೆ ಹೇಳಬಹುದಲ್ಲ? ಹೇಳಬಹುದು. ಆದರೆ ಐದು ವರ್ಷದ ಪೋರ ಬಂದು ‘ಗೊಬ್ಬರ ಎಲ್ಲಿ?’ ಎಂದರೆ, ಹಿಟ್ಟು ಕಲಸುತ್ತಿರುವ ತಾಯಿ ‘ಬೆರಿ ತಿನ್ನು ಹೋಗು’ ಎನ್ನುತ್ತಾಳೆ. ಜ್ಞಾನವೃದ್ಧನು ಬೆರಿ ತಿನ್ನುತ್ತಾನೆ.

ಹೀಗಿದ್ದೂ ತಾಯಂದಿರ ವಿವೇಕವನ್ನು ಕಡೆಗಣಿಸಲಾಗದು. ಕೂಸನ್ನು ಎತ್ತಿಕೊಂಡರೆ ಬೇರೇನನ್ನೂ ಹಿಡಿಯಲು ಕೈ ಉಳಿಯುವುದಿಲ್ಲ. ಇಳಿಸಿದರೆ ಅದರ ಹೊಟ್ಟೆ ಖಾಲಿಯಾಗುತ್ತ ಹೋಗುತ್ತದೆ, ಚಳಿಯಿದ್ದರೆ ಇನ್ನೂ ಬೇಗ. ಆದ್ದರಿಂದ ಬಲ್ಲ ತಾಯಿ ಮಗುವನ್ನು ಬೆಂಕಿಯ ಬಳಿ ಬಿಟ್ಟು, ಎರಡು ಬೆರಿ ಪೊದೆಗೆ ನೀರು ಹಾಕಿ, ತಿರುಗಿ ಬಂದು ಎತ್ತಿ ಹಾಲೂಡಿಸಿ, ಮತ್ತೆ ಇಳಿಸಿ ಮೂರನೆಯ ಪೊದೆಗೆ ಹೋಗುತ್ತಾಳೆ. ಈ ಓಡಾಟದ ನಡುವೆಯೇ ನಾಮಕರಣ: ‘ನೀನು ಇಂಥವಳು.’ ಪುರೋಹಿತರಿಲ್ಲ, ತೊಟ್ಟಿಲಿಲ್ಲ. ಹೆಸರು ಹಿಡಿಸದೆಯೋ, ಊರು ಹಿಡಿಸದೆಯೋ, ಕೆಲವು ಕೂಸುಗಳು ಕಾಡಿಗೆ ಓಡಿಹೋಗಿ ಸತ್ತು ಬೇರೆ ಮನೆಯಲ್ಲಿ ಹುಟ್ಟಿಕೊಳ್ಳುವುದುಂಟು. ಬೆಂಕಿಯ ಬಳಿ ಕಾದು ಕೂತ ಕೂಸು ಕಲಿಯಲು ಬಂದದ್ದು ಎಂದು ತಿಳಿಯತಕ್ಕದ್ದು.

4. ಕ್ಯಾರೆಟ್ ಪ್ರಕರಣ

ಒಂದು ಸಂಸ್ಕೃತಿ ನಾಶವಾಗಲು ಎಷ್ಟು ಹೊತ್ತು ಬೇಕು? ಚರಿತ್ರೆಕಾರರು ಶತಮಾನಗಳ ಲೆಕ್ಕ ಹೇಳುತ್ತಾರೆ. ಈ ಲೋಕದಲ್ಲಿ ಒಬ್ಬ ಹಸಿದ ಹುಡುಗ ಸಾಕು.

ಕ್ಯಾರೆಟ್ಟನ್ನು ಕೀಳದೆ ಮಡಿಯಲ್ಲೇ ಬಿಟ್ಟರೆ ಅದು ಹೂವಾಗಿ ಬೀಜ ಕೊಡುತ್ತದೆ. ಬಲಿತದ್ದನ್ನೆಲ್ಲ ಕಿತ್ತು ತಿಂದರೆ ಈ ಸಲದ ಊಟ ಆಯಿತು, ಮುಂದಿನ ಬಿತ್ತನೆ ಹೋಯಿತು. ಆದಿಕಾಲದ ಊರುಗಳಲ್ಲಿ ಬೀಜಕ್ಕೆಂದು ಬಿಟ್ಟ ಸಾಲನ್ನು ನೋಡಿ, ಹೊಸಬನೊಬ್ಬ ‘ಇಷ್ಟು ಚೆನ್ನಾಗಿ ಬೆಳೆದದ್ದನ್ನು ಈ ಸೋಮಾರಿಗಳು ಕಿತ್ತಿಲ್ಲವಲ್ಲ’ ಎಂದು ಕರುಣೆಯಿಂದ ಎಲ್ಲವನ್ನೂ ಬುಟ್ಟಿಗೆ ತುಂಬುತ್ತಿದ್ದ. ಕೆಡುಕರಿಂದ ಹಾಳಾದ ಊರುಗಳನ್ನು ಎಣಿಸಬಹುದು. ಇಂಥ ಉತ್ಸಾಹಿಗಳಿಂದ ಹಾಳಾದವನ್ನು ಎಣಿಸಲು ಯಾರೂ ಉಳಿದಿರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಉಪದೇಶವಾದಿಗಳು ಹೇಳುವುದು: ಪ್ರತಿ ಮಗುವಿಗೂ ಬೀಜತತ್ತ್ವವನ್ನು ಬೋಧಿಸಿ. ಇದು ಅಸಾಧು. ಬೋಧಿಸಲು ಟೈಪ್ ಮಾಡಬೇಕು. ಅರ್ಧ ನಿಮಿಷ ಟೈಪ್ ಮಾಡಿದರೆ ಆರು ತಿಂಗಳು ಕಳೆಯಿತು. ವ್ಯಾಖ್ಯಾನಸಹಿತ ಹೇಳಿದ ಗುರು ಹಸಿದು ಸಾಯುತ್ತಾನೆ, ಕೇಳಿದ ಶಿಷ್ಯ ಅವನ ಪಕ್ಕದಲ್ಲಿ. ಬದುಕಿ ದಾಟಿಬಂದ ಉಪದೇಶ ಒಂದೇ ಉಸಿರಿನದು: ‘ಈ ಸಾಲು ಬೀಜಕ್ಕೆ.’ ಕಾರಣ ಕೇಳುವವನಿಗೆ ಕಾರಣ ಬೆಳೆದು ತೋರುತ್ತದೆ.

5. ಗೊಬ್ಬರ ಪ್ರಕರಣ

ಬೆರಿ ಪೊದೆಗಳನ್ನು ನಂಬಿದ ಊರಿಗೂ ನೆಮ್ಮದಿಯಿಲ್ಲ. ಹಣ್ಣು ಬರಿದಾದ ಪೊದೆ ಸೊರಗುತ್ತದೆ. ಚೇತರಿಸಲು ನೀರೂ ಬೇಕು, ಫಲವತ್ತಾದ ಮಣ್ಣೂ ಬೇಕು. ಸುತ್ತಲಿನ ಮಣ್ಣು ತೀರಿದ ಮೇಲೆ ಗೊಬ್ಬರವೇ ಗತಿ. ಗೊಬ್ಬರಕ್ಕೆ ಕುರಿಯ ಹಿಕ್ಕೆ ಬೇಕು, ಗೋಧಿಯ ಹುಲ್ಲು ಬೇಕು, ಜಜ್ಜಿದ ಬೆರಿ-ಕ್ಯಾರೆಟ್ ಬೇಕು. ಹಿಕ್ಕೆ ಬೇಕೆಂದರೆ ಕುರಿಗೂ ಅದೇ ಬೆರಿ-ಕ್ಯಾರೆಟ್ ಉಣಿಸಬೇಕು. ಬೆರಿ ಬೆಳೆಯಲು ಗೊಬ್ಬರ, ಗೊಬ್ಬರಕ್ಕೆ ಬೆರಿ: ನೈಯಾಯಿಕರು ಅನ್ಯೋನ್ಯಾಶ್ರಯ ದೋಷವೆಂದು ತಳ್ಳಿಹಾಕುವ ಇದನ್ನೇ ಊರಿನವರು ಜೀವನ ಎನ್ನುತ್ತಾರೆ.

ಗೊಬ್ಬರ ಹಾಕುವವನಿಗೆ ಅದರ ಹಣ್ಣು ಸಿಗುವುದು ಅನುಮಾನ. ಸತ್ತ ಮೇಲೆ ಅವನು ಹುಟ್ಟುವುದು ಸಾಮಾನ್ಯವಾಗಿ ಬೇರಾವುದೋ ಊರಿನ ಬೇರಾವುದೋ ಅಮ್ಮನಿಗೆ. ಇದನ್ನು ಕಂಡು ಕೆಲವರು ನಿಷ್ಕಾಮಕರ್ಮದ ಸಾಕ್ಷಾತ್ಕಾರವೆಂದು ಕಣ್ಣೀರು ಹಾಕಿದ್ದಾರೆ. ಕಣ್ಣೊರೆಸಿಕೊಳ್ಳಲಿ. ಆಟಕ್ಕೆ ಒಂದು ವಂಶವೃಕ್ಷದ ದಾಖಲೆಯಿದೆ; ತನ್ನ ನಂತರ ಮಕ್ಕಳು, ಮರಿಮಕ್ಕಳು ಎಷ್ಟು ತಲೆಮಾರು ಬಾಳಿದರು, ಯಾರು ಹಸಿವಿನಿಂದ ಸತ್ತರು ಎಂದು ಸತ್ತವನು ತೆರೆದು ನೋಡಬಹುದು, ನೋಡುತ್ತಾನೆ. ಫಲಾಪೇಕ್ಷೆ ಇದೆ, ಫಲವನ್ನು ಮಾತ್ರ ಬೇರೆಯವರು ತಿನ್ನುತ್ತಾರೆ.

6. ವೃದ್ಧ ಪ್ರಕರಣ

ಐವತ್ತೇಳರ ಒಬ್ಬ ಕಮ್ಮಾರಜ್ಜಿಯನ್ನು ಹತ್ತಿರದಿಂದ ನೋಡೋಣ. ಅವಳಿಗೆ ಉಳಿದಿರುವುದು ಮೂರು ನಿಮಿಷ. ಕುಲುಮೆ ಹೊತ್ತಿದೆ. ಅದಿರನ್ನು ಕಾಯಿಸಿ, ಚಪ್ಪಟೆ ಕಲ್ಲಿನ ಮೇಲಿಟ್ಟು ಬಡಿದು ಕಬ್ಬಿಣ ಮಾಡಿದ್ದಾಳೆ. ಇನ್ನು ಇದ್ದಿಲಿನೊಂದಿಗೆ ಮೂಸೆಯಲ್ಲಿಟ್ಟು ಮತ್ತೆ ಕಾಯಿಸಿದರೆ ಉಕ್ಕು. ಪಕ್ಕದಲ್ಲಿ ಆರು ವರ್ಷದ ಹುಡುಗಿ ನಿಂತಿದ್ದಾಳೆ. ಅವಳು ಮೊಮ್ಮಗಳೋ, ಮರಿಮಗಳೋ, ದಾರಿ ತಪ್ಪಿ ಬಂದವಳೋ, ವಿಚಾರಿಸಲು ಪುರುಸೊತ್ತಿಲ್ಲ. ಅಜ್ಜಿ ಲೋಹಶಾಸ್ತ್ರದ ಇತಿಹಾಸ ಹೇಳುವುದಿಲ್ಲ, ‘ನಮ್ಮ ಕಾಲದಲ್ಲಿ’ ಎನ್ನುವುದಿಲ್ಲ. ‘ನೋಡು’ ಎಂದು ಒಂದು ಮೂಸೆ ತಾನಿಡುತ್ತಾಳೆ. ‘ಇಡು’ ಎಂದು ಎರಡನೆಯದನ್ನು ಬಿಟ್ಟು ಸರಿದು ನಿಲ್ಲುತ್ತಾಳೆ. ಹುಡುಗಿ ಇಡುತ್ತಾಳೆ. ಬೆಂಕಿ ಆರುವ ಮೊದಲು ತಿದಿ ಒತ್ತುತ್ತಾಳೆ, ಅದೂ ಯಾರೂ ಹೇಳದೆ.

ಯಾರೂ ಹೇಳದೆ ಒತ್ತಿದ್ದೇ ಇಲ್ಲಿ ಪ್ರಮಾಣ. ಹುಡುಗಿ ಆಗಲೇ ಬಲ್ಲವಳಿರಬಹುದು, ಅಜ್ಜಿಗಿಂತ ಹೆಚ್ಚು ಉಕ್ಕು ಕಾಯಿಸಿದವಳಿರಬಹುದು. ಅಥವಾ ಈಗಷ್ಟೇ ನೋಡಿ ಕಲಿತಿರಬಹುದು. ಅಜ್ಜಿಗೆ ತಿಳಿಯುವ ಬಗೆಯಿಲ್ಲ, ತಿಳಿಯುವ ಅಗತ್ಯವೂ ಇಲ್ಲ. ಸುತ್ತಿಗೆಯನ್ನು ಹುಡುಗಿಯ ಕಾಲ ಬಳಿ ಇಟ್ಟರೆ ಸಾಕು. ಅಡಗಿಸಿಟ್ಟ ಸುತ್ತಿಗೆ ಅಜ್ಜಿಯ ಜೊತೆಗೇ ಕಳೆದುಹೋಗುತ್ತದೆ. ಕಣ್ಣಿಗೆ ಬೀಳುವಲ್ಲಿ ಇಟ್ಟದ್ದು ಅವಳು ಹೋದ ಮೇಲೂ ಪಾಠ ಹೇಳುತ್ತದೆ.

7. ಸಿದ್ಧಾಂತ

ಮೇಲಿನ ಪ್ರಕರಣಗಳಿಂದ ಸಿದ್ಧವಾದದ್ದಿಷ್ಟು. ವಯಸ್ಸಿಗೂ ತಿಳಿವಿಗೂ ಇದ್ದ ನಂಟನ್ನು ಈ ಲೋಕ ಕಡಿದುಹಾಕಿದೆ. ಇಲ್ಲಿ ನರೆಗೂದಲು ಪ್ರಮಾಣವಲ್ಲ, ತೊದಲು ಅಪ್ರಮಾಣವಲ್ಲ. ಎದುರಿಗಿರುವವರ ಮುಖ ನೋಡಿದರೆ ಏನೂ ತಿಳಿಯದು, ಕೈ ನೋಡಬೇಕು. ಕಲಿಸುವವರು ಚಿಕ್ಕದಾಗಿ ಹೇಳಬೇಕು, ಮಾಡಿ ತೋರಿಸಬೇಕು, ಉಪಕರಣವನ್ನು ಎದುರಿಗೇ ಇಟ್ಟು ಸಾಯಬೇಕು. ಕಲಿಯುವವರು ತಿನ್ನುವ ಮೊದಲು ಒಂದು ಮಾತು ಕೇಳಬೇಕು.

ಈ ಸಿದ್ಧಾಂತದ ಬೆಳಕಿನಲ್ಲಿ ಸಂಶೋಧನಾ ಪದವಿಯ ನಿಯಮಗಳಿಗೆ ಕೆಳಕಂಡ ತಿದ್ದುಪಡಿಯನ್ನು ಸೂಚಿಸಲಾಗಿದೆ. ಅಭ್ಯರ್ಥಿಯು ಮಹಾಪ್ರಬಂಧದ ಬದಲಿಗೆ ಒಂದು ಗೊಬ್ಬರದ ರಾಶಿಯನ್ನು ಸಲ್ಲಿಸತಕ್ಕದ್ದು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ಪ್ರಶ್ನೆ ಒಂದು ಅಕ್ಷರ ಮೀರಕೂಡದು. ಪರೀಕ್ಷಾ ಮಂಡಳಿ ಸೇರಿ, ಚಹಾ ಕುಡಿದು, ರಾಶಿಯ ಬಳಿ ಬರುವಷ್ಟರಲ್ಲಿ ಅಭ್ಯರ್ಥಿ ವಯೋಸಹಜವಾಗಿ ತೀರಿಕೊಂಡಿರುವುದು ಖಚಿತವಾದ್ದರಿಂದ, ಪದವಿಯನ್ನು ಆ ಹೊತ್ತಿಗೆ ಬೆರಿ ಪೊದೆಗೆ ಮಣ್ಣು ಹಾಕುತ್ತಿರುವ ಮೊಮ್ಮಗಳಿಗೆ ಪ್ರದಾನ ಮಾಡತಕ್ಕದ್ದು. ಆಕೆ ಕೈ ಖಾಲಿಯಿಲ್ಲವೆಂದರೆ ಪದವಿಪತ್ರವನ್ನು ಬುಟ್ಟಿಯಲ್ಲಿಟ್ಟು, ಮಂಡಳಿಯವರು ಒಬ್ಬೊಬ್ಬರೂ ಒಂದೊಂದು ಪೊದೆಗೆ ನೀರು ಹಾಕಿ ಹೋಗತಕ್ಕದ್ದು.