ಥ್ರಾಟಲ್ ಮುನಿಸು
ಹಿಂದೆ ಆಕ್ಸಿಲರೇಟರ್ ಕೇಬಲ್ ಕಡಿದರೆ ತಂತಿ ಬಿಗಿದಾದರೂ ಕೊಟ್ಟೂರು ತೇರಿಗೆ ಮುಟ್ಟುತ್ತಿದ್ದರು. ಈಗ ಕೇಬಲ್ಲೇ ಇಲ್ಲ. ಪೆಡಲ್ಲಿನ ಸೆನ್ಸರ್ ಕಂಪ್ಯೂಟರಿಗೆ ಹೇಳಬೇಕು, ಅದು ಥ್ರಾಟಲ್ ಮಾಡ್ಯೂಲಿಗೆ. ಥೇಟ್ ತಾಲ್ಲೂಕು ಕಚೇರಿಯ ಕಡತ! ನಡುವೆ ಮಾತು ನಿಂತರೆ ಗಾಡಿ ಕೂಡ್ಲಿಗಿ ರಸ್ತೆಯಲ್ಲಿ ತೆವಳುತ್ತದೆ.

ಸ್ಕ್ಯಾನರ್ ‘ಯು0107’ ಎನ್ನುತ್ತದೆ. ‘ಥ್ರಾಟಲ್ ಬಾಡಿನೇ ಹೋಗೇತ್ರಿ ಸರ, ಹೊಸಾದು ಹಾಕ್ಬೇಕು’ ಎನ್ನುತ್ತಾನೆ ಮೆಕ್ಯಾನಿಕ್. ತಡೀರಿ! ಆ ಕೋಡ್ ಹೇಳುವುದು ಮಾತು ನಿಂತಿದೆ ಎಂದಷ್ಟೇ, ತಪ್ಪು ಯಾರದೆಂದಲ್ಲ. ಮೊದಲು ಬ್ಯಾಟರಿ, ಫ್ಯೂಸು, ಅರ್ಥಿಂಗು, ಇಲಿ ಕಡಿದ ವೈರು ನೋಡಲಿ. (ಮೆಕ್ಕೆಜೋಳದ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಇಲಿಯಿಂದಲೇ ಶುರುಮಾಡಬಹುದು.) ಬ್ಯಾಟರಿ ಬಿಚ್ಚಿ, ಮಾಡ್ಯೂಲುಗಳು ಮಾತಾಡಿಕೊಳ್ಳುವ ‘ಕ್ಯಾನ್’ ಜೋಡಿ ವೈರುಗಳ ನಡುವೆ ಮೀಟರ್ ಹಿಡಿದರೆ ಸಾಮಾನ್ಯವಾಗಿ 60 ಓಮ್ ಬರಬೇಕು, 120 ಬಂದರೆ ಎಲ್ಲೋ ಕಡಿದಿದೆ.

ಹಡಗಲಿಯಾಗಲಿ, ಹರಪನಹಳ್ಳಿಯಾಗಲಿ, ಮೀಟರ್ ಹಿಡಿಯುವ ಮೊದಲೇ ರೇಟು ಹೇಳುವವನ ಕೈಗೆ ಕೀ ಕೊಡಬೇಡಿ.