ಎವೆರಿವನ್‌ಗೆ ಫುಲ್ ಕಂಟ್ರೋಲ್

(ಲೆಕ್ಕಪರಿಶೋಧಕರ ಕಚೇರಿ. ಐದು ಕಂಪ್ಯೂಟರು, ಒಂದು ಪ್ರಿಂಟರು, ಜುಲೈ ತಿಂಗಳ ರಿಟರ್ನ್ಸ್ ಹಾವಳಿ.)

ಸಾಹೇಬರು: ಏನಪ್ಪಾ, 'ಕ್ಲೈಂಟ್ಸ್' ಫೋಲ್ಡರ್ ತೆಗೆದ್ರೆ ಬಟಾಬಯಲು!

ಕಂಪ್ಯೂಟರ್ ಹುಡುಗ: ಯಾರೋ ಡಿಲೀಟ್ ಮಾಡಿದಾರೆ ಸಾರ್.

ಸಾಹೇಬರು: ರೀಸೈಕಲ್ ಬಿನ್‌ನಲ್ಲಿ ಇರುತ್ತಲ್ಲ, ತೆಗೆದುಕೊಡು.

ಹುಡುಗ: ನೆಟ್‌ವರ್ಕ್ ಮೇಲಿಂದ ಅಳಿಸಿದ್ದು ಬಿನ್ನಿಗೆ ಹೋಗಲ್ಲ ಸಾರ್, ಸೀದಾ ಕೈಲಾಸಕ್ಕೆ.

ಸಾಹೇಬರು: ಅಳಿಸೋ ಅಧಿಕಾರ ಕೊಟ್ಟೋರು ಯಾರು?

ಹುಡುಗ: ತಾವೇ. 'ನಮ್ಮಲ್ಲಿ ಭೇದಭಾವ ಇಲ್ಲ' ಅಂತ 'ಎವೆರಿವನ್' ಮುಂದೆ 'ಫುಲ್ ಕಂಟ್ರೋಲ್' ಟಿಕ್ ಹಾಕಿಸಿದ್ರಿ.

ಸಾಹೇಬರು: ಅಯ್ಯೋ, ಸಂಬಳದ ಪಟ್ಟೀನೂ ಅದರಲ್ಲೇ ಇತ್ತಲ್ಲೋ!

ಹುಡುಗ: ಅದಕ್ಕೆ ಭಯ ಇಲ್ಲ ಸಾರ್. ಎಲ್ಲರ ಡೆಸ್ಕ್‌ಟಾಪಿನಲ್ಲೂ ಒಂದೊಂದು ಕಾಪಿ ಇದೆ.

(ಈ ಕಚೇರಿಯಲ್ಲಿ ನಡೆದ ಏಕೈಕ ಬ್ಯಾಕಪ್ ಇದು.)

ಅಕೌಂಟ್ಸ್ ಮೇಡಂ: ಜಾಗ ಸಾಲ್ತಿಲ್ಲ ಅಂತ ನಾನೇ ಸ್ವಲ್ಪ ಕ್ಲೀನ್ ಮಾಡ್ದೆ ಸಾರ್...

ಹುಡುಗ: ತಪ್ಪು ಮೇಡಂದಲ್ಲ ಸಾರ್, ಪರ್ಮಿಷನ್‌ದು. ಫೋಲ್ಡರ್ ಹಂಚೋವಾಗ ಕೊಡೋ ಶೇರ್ ಪರ್ಮಿಷನ್ ಒಂದು, ಡಿಸ್ಕಿನಲ್ಲೇ ಫೈಲಿಗೆ ಹಾಕೋ ಎನ್‌ಟಿಎಫ್‌ಎಸ್ ಪರ್ಮಿಷನ್ ಇನ್ನೊಂದು. ನೆಟ್‌ವರ್ಕ್‌ನಿಂದ ಬಂದೋರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯೋದು. ಮ್ಯಾನೇಜರ್ ಹೂಂ ಅಂದ್ರೂ ಕ್ಯಾಷಿಯರ್ ಉಹೂಂ ಅಂದ ಹಾಗೆ. ನಾವು ಎರಡನ್ನೂ ಸಡಿಲ ಬಿಟ್ಟಿದ್ದೀವಿ. ಸಾಲದ್ದಕ್ಕೆ ಹಳೇ ಸ್ಕ್ಯಾನರಿಗೋಸ್ಕರ ಫೈಲ್ ಹಂಚೋ ಹಳೇ ಪದ್ಧತಿ ಎಸ್‌ಎಂಬಿ 1 ಬೇರೆ ಆನ್ ಇದೆ. 2017ರ ಮೇನಲ್ಲಿ ವಾನಾಕ್ರೈ ಅನ್ನೋ ರಾನ್ಸಮ್‌ವೇರ್ ಹಬ್ಬಿದ್ದು ಅದೇ ಬಾಗಿಲಿಂದ.

ಸಾಹೇಬರು: ಅದು ಏನು ಮಾಡ್ತಿತ್ತು?

ಹುಡುಗ: ಫೈಲಿಗೆಲ್ಲ ಬೀಗ ಹಾಕಿ, ಬಿಡಿಸೋಕೆ 300 ಡಾಲರ್ ಕೇಳ್ತಿತ್ತು.

ಸಾಹೇಬರು (ಕನ್ನಡಕ ಸರಿಮಾಡಿಕೊಂಡು): ಜಿಎಸ್‌ಟಿ ಬಿಲ್ ಕೊಡ್ತಿದ್ರಾ?